ಮೊದಲು ನಾನು ಓಡಿಸಿ ನೋಡುತ್ತೇನೆ

ಮಗಳು ಸ್ಪೋರ್ಟ್ಸ್ ಬೈಕಿನ ಮಾತು ಎತ್ತಿದ್ದು ಒಂದು ಮಂಗಳವಾರ. ಮಂಗಳವಾರ ನಮ್ಮ ಹೋಟೆಲಿಗೆ ರಜೆ. ಮುಂಬಯಿಯ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ, ಹದಿನಾಲ್ಕು ಮೇಜುಗಳ ಸಸ್ಯಾಹಾರಿ ಹೋಟೆಲು ಅದು. ಉಡುಪಿಯ ಕಡೆಯಿಂದ ಬಂದ ನನ್ನ ತಂದೆ ಅದನ್ನು ಶುರು ಮಾಡಿದರು, ಅವರ ನಂತರ ನಾನು ನಡೆಸುತ್ತಿದ್ದೇನೆ. ವಾರದಲ್ಲಿ ಆರು ದಿನ ಬೆಳಗಿನ ಜಾವ ಏಳುವವನಿಗೆ ಮಂಗಳವಾರದ ಸಂಜೆಯೆಂದರೆ ಸ್ವರ್ಗ. ಕಾಲು ಚಾಚಿ ಟೀವಿ ನೋಡುತ್ತಿದ್ದೆ. ಐರೋಲಿಯ ಆಫೀಸಿನಿಂದ ಬಂದ ಮಗಳು ಚಪ್ಪಲಿ ಬಿಚ್ಚುತ್ತಲೇ ಹೇಳಿಬಿಟ್ಟಳು, ಬೈಕ್ ತೆಗೆದುಕೊಳ್ಳಬೇಕೆಂದಿದ್ದೇನೆ ಎಂದು.

ನಮ್ಮ ಮನೆಯ ಮಾತುಕತೆಯ ರೀತಿ ಹೇಳಿಬಿಡುತ್ತೇನೆ. ನಾನೂ ಹೆಂಡತಿಯೂ ನಮ್ಮನಮ್ಮಲ್ಲಿ ಹೆಚ್ಚಾಗಿ ತುಳು, ಮಗಳೊಡನೆ ಕನ್ನಡ. ಮಗಳಿಗೆ ಎರಡೂ ಚೆನ್ನಾಗಿ ತಿಳಿಯುತ್ತದೆ, ಆದರೆ ಉತ್ತರ ಕೊಡುವುದು ಹಿಂದಿಯಲ್ಲಿ. ಸಿಟ್ಟು ಬಂದರೆ ಮರಾಠಿ. ಇಪ್ಪತ್ತೇಳು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ, ಯಾರಿಗೂ ತೊಂದರೆಯಾಗಿಲ್ಲ.

ಟ್ರೇನಿನ ನೂಕುನುಗ್ಗಲು ತಾಳಲಾರೆ ಎಂದು ಅವಳು ಕಾರಣ ಕೊಡುತ್ತಾಳೆಂದು ನಾನು ಕಾದೆ. ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಟ್ರೇನು ಹಿಡಿದು ಐರೋಲಿ. ಆ ಕಷ್ಟ ನನಗೂ ಗೊತ್ತು. ಅದಕ್ಕೆ ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ. ಆದರೆ ಅವಳು ನನಗೆ ಆ ಅವಕಾಶವನ್ನೇ ಕೊಡಲಿಲ್ಲ.

"ಆಫೀಸ್ ತೋ ಟ್ರೇನ್ ಸೇ ಹೀ ಜಾವೂಂಗೀ, ಪಪ್ಪಾ," ಅಂದಳು. "ಬೈಕ್ ಮೇರೇ ಶೌಕ್ ಕೇ ಲಿಯೇ ಹೈ."

ಆಫೀಸಿಗೆ ಟ್ರೇನಿನಲ್ಲೇ ಹೋಗುತ್ತೇನೆ, ಬೈಕು ಬರೀ ಆಸೆಗಾಗಿ ಬೇಕು ಎಂದು ನೇರವಾಗಿ ಹೇಳಿದವರೊಡನೆ ವಾದ ಮಾಡುವುದು ಹೇಗೆ? ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಸಳೆ ಸೊಪ್ಪಿನ ಎಲೆ ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ, "ಅವಳ ಸಂಬಳ, ಅವಳ ಶೋಕಿ. ನೀವು ಎಂತಕ್ಕೆ ಮುಖ ಸಣ್ಣ ಮಾಡುದು?" ಅಂದಳು. ಅಮ್ಮ ಮಗಳ ನಡುವೆ ಈ ಮಾತು ಮೊದಲೇ ಆಗಿಹೋಗಿದೆ, ನನಗೆ ಬರೀ ವರದಿ ಒಪ್ಪಿಸುತ್ತಿದ್ದಾರೆ ಎಂದು ಆಗ ಅರ್ಥವಾಯಿತು.

ನನಗೆ ಭಯ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಆ ಬಗೆಯ ಗಾಡಿಗಳ ಮೇಲೆ ಹುಡುಗರು ಮಲಗಿಕೊಂಡ ಹಾಗೆ ಬಾಗಿ, ಲಾರಿಗಳ ನಡುವೆ ನುಸುಳಿ ಹೋಗುವುದನ್ನು ದಿನವೂ ನೋಡುತ್ತಿದ್ದೆ. ಬೇಡ ಎಂದು ಹೇಳುವ ಧೈರ್ಯ ಇರಲಿಲ್ಲ, ಹೂಂ ಅನ್ನುವ ಮನಸ್ಸೂ ಇರಲಿಲ್ಲ. ಒಂದು ಷರತ್ತು ಹಾಕಿದೆ. ಗಾಡಿ ಬಂದ ಮೇಲೆ ಮೊದಲ ಒಂದು ತಿಂಗಳು ನಾನು ಓಡಿಸಿ ನೋಡುತ್ತೇನೆ, ಸರಿ ಎನಿಸಿದರೆ ಮಾತ್ರ ನಿನ್ನ ಕೈಗೆ. ಮೂವತ್ತು ವರ್ಷದಿಂದ ಸ್ಕೂಟರಿನಲ್ಲಿ ಕಲ್ಯಾಣದ ತರಕಾರಿ ಮಾರುಕಟ್ಟೆಗೆ ಹೋಗಿ ಬರುವವನು ನಾನು. ಎಡಗೈಯಲ್ಲಿ ಗೇರು ತಿರುಗಿಸುವ ಹಳೆಯ ಸ್ಕೂಟರಿನಿಂದ ಹಿಡಿದು ಈಗಿನ ಗೇರಿಲ್ಲದ ಸ್ಕೂಟರಿನ ತನಕ ನಾಲ್ಕು ಗಾಡಿ ಸವೆಸಿದ್ದೇನೆ. ಲೈಸೆನ್ಸ್ ಇದೆ. ನನ್ನ ಮಾತಿನಲ್ಲಿ ತೂಕ ಇದೆ ಎಂದುಕೊಂಡಿದ್ದೆ.

ಮಗಳು ಒಂದು ಕ್ಷಣವೂ ಯೋಚಿಸದೆ ಒಪ್ಪಿದಳು. ಅವಳದ್ದೂ ಒಂದು ಷರತ್ತು. ಐರೋಲಿಯ ಹತ್ತಿರದ ರಬಾಳೆಯಲ್ಲಿ ಭಾನುವಾರ ಬೆಳಿಗ್ಗೆ ಬೈಕ್ ಓಡಿಸುವ ತರಬೇತಿ ನಡೆಯುತ್ತದೆ, ಆರು ವಾರದ್ದು. ತಾನು ಹೆಸರು ಕೊಟ್ಟಾಗಿದೆ, ನೀವೂ ಓಡಿಸುವುದಾದರೆ ನೀವೂ ಬರಬೇಕು ಅಂದಳು. ನನಗೆ ನಗು ಬಂತು. ಮೂವತ್ತು ವರ್ಷ ಓಡಿಸಿದವನಿಗೆ ಯಾರು ಏನು ಕಲಿಸುತ್ತಾರೆ ಎಂದೆ. ಹೆಂಡತಿ, "ಹೋಗಿ ಬನ್ನಿ, ಭಾನುವಾರ ಬೆಳಿಗ್ಗೆ ಗಲ್ಲಾದಲ್ಲಿ ನಾನು ಕೂರ್ತೇನೆ," ಅಂದಳು. ಹೋಟೆಲಿನಲ್ಲಿ ಭಾನುವಾರದಷ್ಟು ಗದ್ದಲ ಬೇರೆ ಯಾವ ದಿನವೂ ಇರುವುದಿಲ್ಲ. ಅವಳು ಅಷ್ಟು ಸುಲಭವಾಗಿ ಹೇಳಿದ್ದು ನನಗೆ ವಿಚಿತ್ರವೆನಿಸಿತು.

ಗಾಡಿ ಆರಿಸಲು ಮೂರು ಶನಿವಾರ ತಿರುಗಿದೆವು, ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ. ಎರಡು ಸಲ ಥಾಣೆ, ಒಂದು ಸಲ ಕಲ್ಯಾಣ. ಶೋರೂಮಿನ ಸೇಲ್ಸ್‌ಮನ್‌ಗಳು ಮಗಳು ಕೇಳಿದ ಪ್ರಶ್ನೆಗೆಲ್ಲ ನನ್ನ ಕಡೆ ನೋಡಿ ಉತ್ತರ ಕೊಡುತ್ತಿದ್ದರು. ನಾನು ಕೇಳಿದ ಒಂದೇ ಪ್ರಶ್ನೆ, ಲೀಟರಿಗೆ ಎಷ್ಟು ಓಡುತ್ತದೆ ಎಂಬುದು. ಕೇಳಿದ ಕೂಡಲೇ ಮಗಳು ಬೇರೆ ಕಡೆ ತಿರುಗಿ ನಿಂತಳು.

ಅವಳು ಕೆಂಪು ಬಣ್ಣದ, ಎಲ್ಲಕ್ಕಿಂತ ದೊಡ್ಡದನ್ನು ಆರಿಸುತ್ತಾಳೆ ಎಂದು ನಾನು ನಂಬಿದ್ದೆ. ಥಾಣೆಯಲ್ಲಿ ಅಂಥದ್ದೊಂದು ಇತ್ತು ಕೂಡ. ಸೇಲ್ಸ್‌ಮನ್ ಅದರ ವೇಗದ ಬಗ್ಗೆ ಹೇಳುತ್ತಲೇ ಇದ್ದ. ಮಗಳು ಕೇಳಿಸಿಕೊಂಡು, ಗಾಡಿಯ ಮೇಲೆ ಕೂತು, ಎರಡೂ ಕಾಲು ನೆಲಕ್ಕೆ ಮುಟ್ಟಿಸಿ ನೋಡಿದಳು. ಬೆರಳ ತುದಿ ಮಾತ್ರ ತಾಗಿತು. ಇಳಿದು, ಇಂಜಿನ್ ಬಂದ್ ಇರುವಾಗಲೇ ಗಾಡಿಯನ್ನು ಕೈಯಲ್ಲಿ ತಳ್ಳಿ ಹಿಂದಕ್ಕೆ ತಂದಳು. ಹತ್ತು ಹೆಜ್ಜೆಗೆ ಏದುಸಿರು ಬಂತು. ನಮ್ಮ ಸೊಸೈಟಿಯ ಪಾರ್ಕಿಂಗಿನಿಂದ ಹೊರಗೆ ತರಲು ಆಗದ ಗಾಡಿಯ ವೇಗ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಹಿಂದಿಯಲ್ಲಿ ಹೇಳಿ, ಥ್ಯಾಂಕ್ಯೂ ಅಂದಳು. ಆ ಕ್ಷಣದಲ್ಲಿ ನನಗೆ ಮೊದಲ ಸಲ ಸ್ವಲ್ಪ ಧೈರ್ಯ ಬಂತು. ಹೋಟೆಲಿಗೆ ರುಬ್ಬುವ ಯಂತ್ರ ಕೊಳ್ಳುವಾಗ ನಾನು ನೋಡುವುದೂ ಅದನ್ನೇ. ಎಷ್ಟು ರುಬ್ಬುತ್ತದೆ ಎನ್ನುವುದು ಆಮೇಲೆ, ತೊಳೆಯಲು ಎತ್ತಲಿಕ್ಕೆ ಆಗುತ್ತದೋ ಎನ್ನುವುದು ಮೊದಲು.

ಕಲ್ಯಾಣದ ಶೋರೂಮಿಗೆ ಹೆಂಡತಿಯೂ ಬಂದಿದ್ದಳು. ಅಲ್ಲಿ ಬೂದು ನೀಲಿ ಬಣ್ಣದ, ಅಷ್ಟೇನೂ ಅಬ್ಬರವಿಲ್ಲದ ಗಾಡಿಯೊಂದು ಮೂಲೆಯಲ್ಲಿ ನಿಂತಿತ್ತು. ಇಂಜಿನ್ ಮಧ್ಯಮ ಗಾತ್ರದ್ದು, ಸೀಟು ತಗ್ಗು, ಹ್ಯಾಂಡಲ್ ತೀರಾ ಕೆಳಗಿಲ್ಲ. ಮಗಳ ಎರಡೂ ಪಾದ ನೆಲಕ್ಕೆ ಕೂತವು. ಗೆಳತಿಯ ಗಾಡಿಯಲ್ಲಿ ಮೊದಲೇ ಓಡಿಸಲು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಟೆಸ್ಟ್ ರೈಡ್ ಮುಗಿಸಿ ಬಂದವಳು ಮಣಿಕಟ್ಟು ತಿರುಗಿಸಿ ನೋಡಿಕೊಂಡು, ನೋವಿಲ್ಲ ಅಂದಳು. ಅಷ್ಟರಲ್ಲಿ ಹೆಂಡತಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಕ್ಕದ ಗಾಡಿಯ ಮೇಲೆ ಒಂದೇ ಬದಿಗೆ ಕಾಲು ಹಾಕಿ ಕೂತು ಫೋಟೋ ತೆಗೆಸಿಕೊಂಡಿದ್ದಳು. ಆ ಫೋಟೋ ಮರುದಿನ ಉಡುಪಿಯಲ್ಲಿರುವ ಅವಳ ತಂಗಿಯರಿಗೆಲ್ಲ ತಲುಪಿತ್ತು, ಹೊಸ ಗಾಡಿ ಅಕ್ಕನದ್ದಂತೆ ಎಂದು.

ಎಪ್ರಿಲ್ ಕೊನೆಯ ವಾರ ಗಾಡಿ ಮನೆಗೆ ಬಂತು. ಲಿಂಬೆ ಹಣ್ಣು, ಮಲ್ಲಿಗೆ, ತೆಂಗಿನಕಾಯಿ ಎಲ್ಲ ಆಯಿತು. ಸಂಜೆ ಸೊಸೈಟಿಯ ಅಂಗಳದಲ್ಲಿ ಜನ ಇರುವ ಹೊತ್ತು. ಷರತ್ತಿನ ಪ್ರಕಾರ ಮೊದಲು ನಾನು. ಹತ್ತಿ ಕೂತೆ, ಗೇರು ಹಾಕಿದೆ, ಮೆಲ್ಲಗೆ ಗೇಟಿನವರೆಗೆ ಹೋದೆ. ತೊಂದರೆಯಾಗಲಿಲ್ಲ. ತಿರುಗಿಸಿಕೊಂಡು ಬರಬೇಕು. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದೆ, ಅಷ್ಟರಲ್ಲಿ ಒಂದು ಬೆಕ್ಕು ಅಡ್ಡ ಬಂತು, ಗಾಬರಿಯಲ್ಲಿ ಬಲಗೈ ಮುಂದಿನ ಬ್ರೇಕು ಹಿಡಿಯಿತು. ನಡೆಯುವವನಿಗಿಂತ ನಿಧಾನವಾಗಿ ಹೋಗುತ್ತಿದ್ದ ಗಾಡಿ ಅಲ್ಲೇ ನಿಂತು, ದೊಡ್ಡ ಎಮ್ಮೆ ಮಲಗುವ ಹಾಗೆ ಬಲಕ್ಕೆ ಮಲಗಿತು. ನಾನೂ ಅದರ ಜೊತೆ ಮಲಗಿದೆ.

ಕಟ್ಟೆಯ ಮೇಲೆ ಕೂತಿದ್ದ ಕೆಳಮಹಡಿಯ ಮರಾಠಿ ಅಜ್ಜಿ ಎದ್ದು ಬಂದು, "ಲಾಗ್ಲಂ ನಾಹೀ ನಾ?" ಎಂದು ಕೇಳಿದರು. ಪೆಟ್ಟಾಗಿರಲಿಲ್ಲ. ಆದರೆ ಸೊಸೈಟಿಯ ಸೆಕ್ರೆಟರಿ, ವಾಚ್‌ಮನ್, ಇಸ್ತ್ರಿಯವನು, ಎಲ್ಲರೂ ನಿಂತು ನೋಡುತ್ತಿದ್ದರು. ಗಾಡಿ ಎತ್ತಲು ಹೋದೆ. ಬಗ್ಗಿ ಎರಡು ಸಲ ಎಳೆದರೂ ಅದು ಅಲುಗಾಡಲಿಲ್ಲ. ಮಗಳು ಬಂದು ಮೊದಲು ನನ್ನ ಕಾಲಿನ ಗಂಟು ಒತ್ತಿ ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಗೆಳತಿಯರು ಹೇಳಿಕೊಟ್ಟಿದ್ದ ಹಾಗೆ ಗಾಡಿಗೆ ಬೆನ್ನು ಕೊಟ್ಟು, ಸೊಂಟವನ್ನು ಸೀಟಿಗೆ ಒತ್ತಿ ಕುಕ್ಕುರು ಕೂತು, ಹ್ಯಾಂಡಲನ್ನೂ ಹಿಂದಿನ ಹಿಡಿಯನ್ನೂ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಇಡೀ ಗಾಡಿಯನ್ನು ನಿಲ್ಲಿಸಿದಳು. ಬ್ರೇಕಿನ ಲಿವರ್ ತುದಿ ಮುರಿದಿತ್ತು, ಬದಿಯ ಪ್ಲಾಸ್ಟಿಕ್ಕಿನಲ್ಲಿ ಅಂಗೈ ಉದ್ದದ ಗೀರು. ಅವಳು ಮುರಿದ ತುದಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ಗೀರನ್ನು ಕೈಯಲ್ಲಿ ಒರೆಸಿದಳು. ಮರಾಠಿ ಹೊರಡಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ರಾತ್ರಿ ಊಟಕ್ಕೆ ಕೂತಾಗ ಭಾನುವಾರ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ನಾನೇ ಕೇಳಿದೆ.

ಮುರಿದ ಲಿವರಿಗಾಗಿ ಕಲ್ಯಾಣದ ಆಚೆಗಿರುವ ಶಹಾಡಿಗೆ ಹೋದೆವು. ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ ಎಂದು ಮಗಳ ಗೆಳತಿಯರು ಹೇಳಿದ್ದರು. ಅರವತ್ತು ದಾಟಿದವರು, ಮೊದಲು ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಂಗಡಿಯ ಗೋಡೆಯ ಮೇಲೆ ನಟ್ಟು ತಿರುಗಿಸುವ ಪಾನಾಗಳು ಅಳತೆಯ ಕ್ರಮದಲ್ಲಿ ತೂಗುತ್ತಿದ್ದವು, ನೆಲದಲ್ಲಿ ಎಣ್ಣೆಯ ಒಂದು ಕಲೆ ಇರಲಿಲ್ಲ. ನನ್ನ ಅಡುಗೆಮನೆ ಹಾಗಿದ್ದರೆ ಎಷ್ಟು ಚೆನ್ನ ಎನಿಸಿತು. ಮಗಳು ಒಂದು ಚೀಟಿ ತಂದಿದ್ದಳು, ಗಾಡಿಗೆ ಮಾಡಿಸಬೇಕಾದ ಕೆಲಸಗಳದ್ದು. ನಾನೂ ನನ್ನ ಕಡೆಯಿಂದ ಒಂದು ಸೇರಿಸಿದೆ, ಜೋರಾಗಿ ಶಬ್ದ ಮಾಡುವ ಸೈಲೆನ್ಸರ್ ಹಾಕಿ ಎಂದೆ.

ಮಗಳು ಬಾಯಿ ತೆರೆದು ನನ್ನನ್ನೇ ನೋಡಿದಳು. ನಾನು ಕಾರಣ ಹೇಳಿದೆ. ಶಿಳ್ ರಸ್ತೆಯ ತುಂಬ ಟ್ರಕ್ಕುಗಳು, ಶಬ್ದ ಇದ್ದರೆ ಡ್ರೈವರ್‌ಗಳಿಗೆ ಇವಳು ಬರುತ್ತಿರುವುದು ಗೊತ್ತಾಗುತ್ತದಲ್ಲ?

ಮೆಕ್ಯಾನಿಕ್ ನಗಲಿಲ್ಲ. ಕೈ ಒರೆಸಿಕೊಂಡು ಸಮಾಧಾನವಾಗಿ ಹೇಳಿದರು, "ಸೇಟ್, ಆವಾಜ್ ಪೀಛೇ ಜಾತಾ ಹೈ. ಟ್ರಕ್ ಆಗೇ ಹೋತಾ ಹೈ."

ನಿಜ. ಶಬ್ದ ಹೋಗುವುದು ಹಿಂದಕ್ಕೆ, ಟ್ರಕ್ಕು ಇರುವುದು ಮುಂದೆ. ಜೊತೆಗೆ ಪೊಲೀಸರು ಹಿಡಿದರೆ ದಂಡ, ಬಿಲ್ಡಿಂಗಿನ ಮಕ್ಕಳಿಗೂ ಮುದುಕರಿಗೂ ನಿದ್ದೆಗೇಡು. ಆ ಬದಲಾವಣೆ ತಮ್ಮ ಅಂಗಡಿಯಲ್ಲಿ ಮಾಡುವುದಿಲ್ಲ ಎಂದರು. ಮಗಳ ಚೀಟಿಯಿಂದಲೂ ಎರಡು ಹೊಡೆದು ಹಾಕಿದರು. ಉಳಿದದ್ದು ಇಷ್ಟು. ಬ್ರೇಕಿಗೆ ಒಳ್ಳೆಯ ಪ್ಯಾಡು. ಗಾಡಿ ಬಿದ್ದರೆ ಲಿವರೂ ಇಂಜಿನ್ನೂ ಉಳಿಯುವ ಹಾಗೆ ಎರಡೂ ಬದಿಗೆ ಗಾರ್ಡು. ಮಗಳ ಕೈಯ ಅಳತೆಗೆ ಹೊಂದಿಸಿಕೊಳ್ಳಬಹುದಾದ ಲಿವರು, ಇಡೀ ಅಂಗೈ ಚಾಚದೆ ಎರಡು ಬೆರಳಿನಲ್ಲಿ ಬ್ರೇಕು ಹಿಡಿಯುವಂತೆ. ಮಳೆಗಾಲಕ್ಕೆ ಮೊದಲು ಟಯರು. ಗಾಡಿಯ ಜೊತೆ ಬಂದ ಟಯರು ಗಟ್ಟಿ ರಬ್ಬರಿನದು, ಬಹಳ ಕಾಲ ಬಾಳುತ್ತದೆ ನಿಜ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಮೆತ್ತನೆಯದು ಬೇಗ ಸವೆಯುತ್ತದೆ, ಆದರೆ ಮಳೆಯಲ್ಲಿ ಹಿಡಿತ ಬಿಡುವುದಿಲ್ಲ. ಹೊಸ ಟಯರು ಯಾಕೆ ಬದಲಿಸಬೇಕು ಎಂದು ನನ್ನ ವ್ಯಾಪಾರಿ ಮನಸ್ಸು ಕೇಳಿತು. ಮಗಳು ಕೇಳಲಿಲ್ಲ, ಹೂಂ ಅಂದಳು.

ಹೊರಡುವಾಗ ಅವರ ಕಣ್ಣು ನನ್ನ ಹೆಲ್ಮೆಟಿನ ಮೇಲೆ ಬಿತ್ತು. ಕಿವಿಯವರೆಗೆ ಮಾತ್ರ ಬರುವ, ಟೋಪಿಯಂಥದ್ದು. ಪಟ್ಟಿಯ ಕೊಂಡಿ ಮುರಿದು ವರ್ಷಗಳಾಗಿದ್ದವು, ಗಂಟು ಹಾಕಿಕೊಂಡಿದ್ದೆ. ಎಷ್ಟು ವರ್ಷದ್ದು ಎಂದು ಕೇಳಿದರು. ಹನ್ನೊಂದೋ ಹನ್ನೆರಡೋ ಅಂದೆ. ಅದನ್ನು ಕೈಗೆ ತೆಗೆದುಕೊಂಡು ಒಳಗಿನ ಪುಡಿಪುಡಿಯಾದ ಥರ್ಮೋಕೋಲನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು.

"ಹೋಟೆಲ್ ಮೇ ಫೂಟಾ ಹುವಾ ಬರ್ತನ್ ರಖ್ತೇ ಹೋ ಕ್ಯಾ?"

ಒಡೆದ ಪಾತ್ರೆಯನ್ನು ನಾನು ಒಂದು ದಿನವೂ ಅಡುಗೆಮನೆಯಲ್ಲಿ ಇಟ್ಟವನಲ್ಲ. ನನ್ನ ಒಪ್ಪಿಗೆ ಕೇಳದೆಯೇ ಅದು ಅವರ ಗುಜರಿ ಡಬ್ಬಿಗೆ ಹೋಯಿತು. ಬರುವಾಗ ಕಲ್ಯಾಣದಲ್ಲಿ ಗಲ್ಲದವರೆಗೂ ಮುಚ್ಚುವ ಹೆಲ್ಮೆಟ್ ಕೊಂಡೆವು. ಸರಿಯಾದ ಅಳತೆಯದೆಂದರೆ ಕೆನ್ನೆ ಒತ್ತಬೇಕಂತೆ. ಕನ್ನಡಕ ತೆಗೆದು ಹೆಲ್ಮೆಟ್ ಹಾಕಿ, ಮತ್ತೆ ಕನ್ನಡಕವನ್ನು ಒಳಗೆ ತೂರಿಸುವ ವಿದ್ಯೆ ಕಲಿಯಲು ಒಂದು ವಾರ ಬೇಕಾಯಿತು. ಜಾಕೆಟ್ಟೂ ಗ್ಲೌಸೂ ಬಂದವು. ಮೇ ತಿಂಗಳ ಡೊಂಬಿವಲಿಯ ಸೆಕೆಯಲ್ಲಿ ಅವನ್ನೆಲ್ಲ ತೊಟ್ಟು ನಿಂತವನನ್ನು ನೋಡಿ ಹೆಂಡತಿ, "ಇಡ್ಲಿ ಬೇಯಿಸುವ ಪಾತ್ರೆಯ ಒಳಗೆ ಕೂತ ಹಾಗೆ ಆಗ್ತದಾ?" ಎಂದು ಕೇಳಿದಳು. ಹಾಗೆಯೇ ಆಗುತ್ತಿತ್ತು.

ತರಬೇತಿ ನಡೆಯುತ್ತಿದ್ದದ್ದು ರಬಾಳೆಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಗೋದಾಮಿನ ಲಾರಿ ನಿಲ್ಲಿಸುವ ಅಂಗಳದಲ್ಲಿ. ಭಾನುವಾರ ಅಲ್ಲಿ ಲಾರಿಗಳಿರುವುದಿಲ್ಲ. ಕಲಿಸುವವಳು ಮೂವತ್ತೈದರ ಆಸುಪಾಸಿನ ಹೆಂಗಸು. ನನ್ನ ಮಾತಿನ ಧಾಟಿ ಕೇಳಿ ಕನ್ನಡದವರಾ ಎಂದು ಕೇಳಿದಳು. ಅವಳ ಊರು ಧಾರವಾಡದ ಕಡೆ. ಹದಿಮೂರು ಜನ ಕಲಿಯುವವರಲ್ಲಿ ಹನ್ನೆರಡು ಮಂದಿ ಮೂವತ್ತರ ಒಳಗಿನವರು, ಹದಿಮೂರನೆಯವನು ನಾನು, ಐವತ್ತನಾಲ್ಕು.

ಮೊದಲ ಪರೀಕ್ಷೆ ಸರಳ. ನಲವತ್ತರ ವೇಗದಲ್ಲಿ ಬಂದು, ಹಳದಿ ಕೋನ್ ಕಂಡಲ್ಲಿ ಬ್ರೇಕು ಹಾಕಿ, ಎಷ್ಟು ಬೇಗ ನಿಲ್ಲುತ್ತೀರಿ ತೋರಿಸಿ. ನಾನು ಬಂದೆ, ಬಲಗಾಲಿನಲ್ಲಿ ಹಿಂದಿನ ಬ್ರೇಕು ತುಳಿದೆ. ಹಿಂದಿನ ಚಕ್ರ ಕಟಕಟ ಎಂದಿತು. ಗಾಡಿ ಹೋಗುತ್ತಲೇ ಇತ್ತು. ಎಲ್ಲರಿಗಿಂತ ದೂರ ಹೋಗಿ ನಿಂತವನು ನಾನೇ. ಅವಳು ನಡೆದುಕೊಂಡು ಬಂದು, ಎಷ್ಟು ವರ್ಷದಿಂದ ಗಾಡಿ ಓಡಿಸುತ್ತಿದ್ದೀರಿ ಎಂದು ಕೇಳಿದಳು. ಮೂವತ್ತು ವರ್ಷ ಎಂದೆ.

"ಮೂವತ್ತ್ ವರ್ಷ ಒಂದ ಬ್ರೇಕ್ ಹಿಡದ್ ಬಂದೀರಿ ನೋಡ್ರಿ, ಕಾಕಾ," ಅಂದಳು. "ಇನ್ನೊಂದು ಹಂಗ ಹೊಸಾದ ಐತಿ."

ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂದು ನನಗೆ ಯಾರು ಕಲಿಸಿದ್ದರೋ ನೆನಪಿಲ್ಲ. ಅದನ್ನು ಮೂವತ್ತು ವರ್ಷ ನಂಬಿದ್ದೆ. ಸೊಸೈಟಿಯ ಅಂಗಳದಲ್ಲಿ ಬಿದ್ದದ್ದು ಆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತ್ತು. ಹ್ಯಾಂಡಲ್ ತಿರುಗಿರುವಾಗ ಹಿಡಿದರೆ ಬೀಳುತ್ತದೆ, ನೇರವಾಗಿರುವಾಗ ನಿಲ್ಲಿಸುವುದೇ ಅದು ಎಂದು ಅವಳು ಬಿಡಿಸಿ ಹೇಳಿದಳು. ಒಮ್ಮೆಲೇ ಕಿತ್ತುಕೊಳ್ಳುವ ಹಾಗಲ್ಲ, ಲಿಂಬೆಹಣ್ಣು ಹಿಂಡುವ ಹಾಗೆ, ಮೆಲ್ಲಗೆ ಶುರು ಮಾಡಿ ಗಟ್ಟಿಯಾಗಿ. ಎರಡನೇ ಭಾನುವಾರ ಹಾಗೆ ಹಿಂಡಿದಾಗ ಲಿವರ್ ನನ್ನ ಬೆರಳಿನ ಕೆಳಗೆ ದಡದಡ ನಡುಗಿತು. ಏನೋ ಮುರಿಯಿತು ಎಂದು ಹೆದರಿ ಕೈ ಬಿಟ್ಟೆ. ಚಕ್ರ ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವ ರೀತಿ ಅದು. "ಕೈ ಬಿಡಬ್ಯಾಡ್ರಿ," ಅಂದಳು. "ಅದು ತನ್ನ ಕೆಲಸ ಮಾಡಾಕತ್ತೈತಿ, ನೀವು ನಿಮ್ಮ ಕೆಲಸ ಮಾಡ್ರಿ."

ಮೂರನೇ ವಾರ ನೋಟದ ಪಾಠ. ನಾನು ಗಾಡಿ ಓಡಿಸುವಾಗ ಮುಂದಿನ ಚಕ್ರದ ಹತ್ತಿರವೇ ನೋಡುತ್ತೇನೆ, ಹೊಂಡ ಕಂಡರೆ ಹೊಂಡವನ್ನೇ ನೋಡುತ್ತೇನೆ, ಅದಕ್ಕೇ ಅದರೊಳಗೆ ಹೋಗಿ ಬೀಳುತ್ತೇನೆ. ಕಣ್ಣು ಹೋದಲ್ಲಿಗೆ ಗಾಡಿ ಹೋಗುತ್ತದೆ, ಆದ್ದರಿಂದ ಅಡ್ಡಿಯನ್ನಲ್ಲ, ಪಾರಾಗುವ ದಾರಿಯನ್ನು ನೋಡಿ ಎಂದಳು. ನನಗೆ ನಮ್ಮ ಹೋಟೆಲಿನ ಹಳೆಯ ಸಪ್ಲೈಯರ್ ಒಬ್ಬ ನೆನಪಾದ. ಮೊಣಕೈವರೆಗೆ ಐದು ದೋಸೆ ತಟ್ಟೆ ಜೋಡಿಸಿಕೊಂಡು ಭಾನುವಾರದ ಜನರ ನಡುವೆ ಹೋಗುತ್ತಿದ್ದ, ಒಮ್ಮೆಯೂ ತಟ್ಟೆ ನೋಡುತ್ತಿರಲಿಲ್ಲ, ಹೋಗಬೇಕಾದ ಮೇಜನ್ನು ನೋಡುತ್ತಿದ್ದ. ಹೊಸಬರು ತಟ್ಟೆ ನೋಡುತ್ತಾರೆ, ಸಾಂಬಾರು ಚೆಲ್ಲುತ್ತಾರೆ. ಇದನ್ನು ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ. ರಸ್ತೆಗೆ ಬಂದಾಗ ಮಾತ್ರ ಮರೆತಿದ್ದೆ.

ಹಿಂದೆ ಕೂರುವವರಿಗೂ ಒಂದು ಪಾಠ ಇತ್ತು. ಮಗಳು ಓಡಿಸುವಾಗ ನಾನು ಹಿಂದೆ ಕೂತು, ಬ್ರೇಕು ಬಿದ್ದಾಗ ಎರಡೂ ಅಂಗೈಗಳನ್ನು ಅವಳ ಮುಂದಿನ ಟ್ಯಾಂಕಿಗೆ ಒತ್ತಿ ನನ್ನ ಭಾರ ನಾನೇ ಹಿಡಿದುಕೊಳ್ಳಬೇಕು, ಅವಳ ಬೆನ್ನ ಮೇಲೆ ಬೀಳಬಾರದು, ಅತ್ತಿತ್ತ ವಾಲಬಾರದು. ಏನೂ ಮಾಡದೆ ಕೂರುವುದು ಅಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಅವಳು ಬ್ರೇಕು ಹಿಡಿದಾಗಲೆಲ್ಲ ನನ್ನ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಐದನೇ ಭಾನುವಾರದ ಹೊತ್ತಿಗೆ ಕೋನ್ ದಾಟದೆ ನಿಲ್ಲುವುದು ನನಗೆ ಬಂತು. ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತುವುದು ಬಂದಿರಲಿಲ್ಲ. ಮಗಳಿಗೆ ಎಲ್ಲ ಬರುತ್ತಿತ್ತು. ನನ್ನ ಒಂದು ತಿಂಗಳ ಷರತ್ತು ಮುಗಿದು ಹೋಗಿತ್ತು. ಅದರ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಬೀಗದ ಕೈ ಅವಳ ಚೀಲಕ್ಕೆ ಹೋಯಿತು, ಅಷ್ಟೇ.

ಆರನೇ ಭಾನುವಾರದ ಹಿಂದಿನ ದಿನ ಮೊದಲ ಮಳೆ ಬಂತು. ಮೊದಲ ಮಳೆಯೇ ಅಪಾಯದ್ದು, ಬೇಸಿಗೆಯೆಲ್ಲ ರಸ್ತೆಗೆ ಬಿದ್ದ ಎಣ್ಣೆ ಮೇಲೆ ತೇಲುತ್ತದೆ ಎಂದು ತರಬೇತಿಯಲ್ಲಿ ಎಚ್ಚರಿಸಿದ್ದರು. ಶಹಾಡಿನಲ್ಲಿ ಹೊಸ ಟಯರು ಹಾಕಿಸಿ ಒಂದು ವಾರವಾಗಿತ್ತು. ಬೆಳಿಗ್ಗೆ ಆರೂವರೆಗೆ ಹೊರಟೆವು, ಮಗಳು ಮುಂದೆ, ನಾನು ಹಿಂದೆ. ಶಿಳ್ ರಸ್ತೆಯಲ್ಲಿ ಮೆಟ್ರೋ ಕೆಲಸದ ತಗಡುಗಳ ಪಕ್ಕದಲ್ಲಿ ಕೆಸರು. ಅವಳು ಮುಂದಿನ ವಾಹನದಿಂದ ಬಹಳ ದೂರ ಬಿಟ್ಟುಕೊಂಡೇ ಹೋಗುತ್ತಿದ್ದಳು. ಆ ಜಾಗದಲ್ಲಿ ರಿಕ್ಷಾಗಳು ಬಂದು ತೂರಿಕೊಳ್ಳುತ್ತಿದ್ದವು, ಆಗ ಮತ್ತೆ ಹಿಂದೆ ಸರಿದು ದೂರ ಮಾಡಿಕೊಳ್ಳುತ್ತಿದ್ದಳು. ಹೀಗೆ ಹೋದರೆ ತಲುಪುವುದು ಯಾವಾಗ ಎಂದು ನನಗೇ ಬೇಸರ ಬಂತು.

ಶಿಳ್‌ಫಾಟಾ ದಾಟಿ ಮಹಾಪೆಯ ಕಡೆ ಇಳಿಯುವ ರಸ್ತೆಯಲ್ಲಿ ನಮ್ಮ ಮುಂದೆ ತರಕಾರಿಯ ಒಂದು ಟೆಂಪೋ ಹೋಗುತ್ತಿತ್ತು. ವೇಗ ಐವತ್ತರ ಹತ್ತಿರ ಇದ್ದಿರಬೇಕು. ಟೆಂಪೋದ ಹಿಂಬಾಗಿಲು ಒಮ್ಮೆ ಅಲುಗಾಡಿದ್ದು ಕಂಡಿತು. ಮರುಕ್ಷಣ ಅದು ತೆರೆದುಕೊಂಡು, ಒಂದು ಪ್ಲಾಸ್ಟಿಕ್ ಕ್ರೇಟು ರಸ್ತೆಗೆ ಬಿತ್ತು, ಅದರ ಹಿಂದೆ ಇನ್ನೆರಡು, ಕ್ಯಾಬೇಜುಗಳು ಇಳಿಜಾರಿನಲ್ಲಿ ಪುಟಿಯುತ್ತ ಉರುಳತೊಡಗಿದವು.

ಮಗಳು ಬ್ರೇಕು ಹಿಡಿದಳು. ಅಂಗೈಗಳನ್ನು ಟ್ಯಾಂಕಿಗೆ ಒತ್ತಿದೆ. ಅವಳ ಹೆಲ್ಮೆಟ್ ಕೆಳಗೆ ಬಗ್ಗಲಿಲ್ಲ, ಎಡಕ್ಕೆ ಸ್ವಲ್ಪ ತಿರುಗಿತು. ಕ್ರೇಟಿಗೂ ರಸ್ತೆಯ ಅಂಚಿಗೂ ನಡುವಿದ್ದ ಖಾಲಿ ಜಾಗವನ್ನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಗಾಡಿ ಜಾರಲಿಲ್ಲ, ವಾಲಲಿಲ್ಲ. ವೇಗ ಇಳಿದ ಮೇಲೆ ಬ್ರೇಕು ಸಡಿಲಿಸಿ, ಆ ಜಾಗದೊಳಗೆ ಮೆಲ್ಲಗೆ ತೂರಿಸಿ, ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಒಂದು ಕ್ಯಾಬೇಜು ಮಾತ್ರ ನಮ್ಮ ಹಿಂದಿನ ಚಕ್ರಕ್ಕೆ ಬಂದು ತಾಗಿ ನಿಂತಿತು. ಹಿಂದೆ ಬರುತ್ತಿದ್ದ ಕಾರೂ ಸಾಕಷ್ಟು ದೂರದಲ್ಲೇ ನಿಂತಿತ್ತು.

ಇಂಜಿನ್ ಆರಿಸಿ ಅವಳು ಹೆಲ್ಮೆಟ್ ತೆಗೆದಳು. ಗ್ಲೌಸು ಬಿಚ್ಚಿ ಟ್ಯಾಂಕಿನ ಮೇಲಿಟ್ಟಳು.

"ಹೆದ್ರಿಕೆ ಆಯ್ತು, ಪಪ್ಪಾ," ಅಂದಳು.

ಚಿಕ್ಕಂದಿನಿಂದ ಹಾಗೆ. ತುಂಬ ಹೆದರಿದಾಗ ಅವಳಿಗೆ ಕನ್ನಡ ಬರುತ್ತದೆ. "ನಂಗೂ ಆಯ್ತು ಮಗಾ," ಅಂದೆ. ನಾನು ಓಡಿಸುತ್ತಿದ್ದರೆ ಆ ಕ್ರೇಟನ್ನೇ ನೋಡುತ್ತಿದ್ದೆ ಎನ್ನುವ ಮಾತು ಬಾಯಿಗೆ ಬಂತು. ಅದನ್ನೂ ಹೇಳಿದೆ. ಅವಳು ನಕ್ಕಳು.

ಟೆಂಪೋದ ಡ್ರೈವರ್ ಓಡಿ ಬಂದು ಮತ್ತೆ ಮತ್ತೆ ಕೈ ಮುಗಿದ. ವಾಶಿಯ ಮಾರುಕಟ್ಟೆಗೆ ಹೊರಟವನು. ಬಾಗಿಲಿನ ಚಿಲಕ ಸವೆದಿತ್ತಂತೆ. ಬೈಯಬೇಕೆಂದು ಬಾಯಿ ತೆರೆದವನಿಗೆ ಅವನ ಮುಖ ನೋಡಿ ಬೈಗುಳ ಬರಲಿಲ್ಲ. ಕಾರಿನವರು ದೀಪ ಮಿನುಗಿಸುತ್ತ ಕಾರನ್ನು ಹಿಂದೆ ಅಡ್ಡ ನಿಲ್ಲಿಸಿ ಬರುವವರನ್ನು ತಡೆದರು, ನಾವು ನಾಲ್ಕೈದು ಜನ ಕ್ಯಾಬೇಜು ಹೆಕ್ಕಿ ಕ್ರೇಟಿಗೆ ತುಂಬಿದೆವು. ಬಾಗಿಲಿಗೆ ಹಗ್ಗ ಬಿಗಿದು ಗಂಟು ಹಾಕುವುದನ್ನು ನಿಂತು ನೋಡಿಯೇ ಅವನನ್ನು ಬಿಟ್ಟೆ. ಅವನು ಬೇಡವೆಂದರೂ ಕೇಳದೆ ಎರಡು ದೊಡ್ಡ ಕ್ಯಾಬೇಜು ಮಗಳ ಬೆನ್ನ ಚೀಲಕ್ಕೆ ಹಾಕಿಬಿಟ್ಟ.

ರಬಾಳೆಗೆ ಮುಕ್ಕಾಲು ಗಂಟೆ ತಡವಾಗಿ ತಲುಪಿದೆವು. ಕಾರಣ ಕೇಳಿದ ನಮ್ಮ ಗುರುವಿಗೆ ಮಗಳು ಎಲ್ಲವನ್ನೂ ಹೇಳಿ ಚೀಲ ತೆರೆದು ತೋರಿಸಿದಳು. ಗುರು ಒಂದು ಕ್ಯಾಬೇಜನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಮುಂದಿನ ತಂಡಕ್ಕೆ ಕೋನಿನ ಬದಲು ಇದನ್ನೇ ಇಡುತ್ತೇನೆ ಅಂದಳು. ಅವತ್ತು ಮಗಳಿಗೆ ಪರೀಕ್ಷೆ ಇಟ್ಟಳೋ ಇಲ್ಲವೋ, ನೆನಪಿಲ್ಲ. ನನಗೆ ಇಟ್ಟಳು. ಎಂಟರ ಸುತ್ತು ಹಾಕುವಾಗ ಒಂದು ಸಲ ಕಾಲು ನೆಲಕ್ಕೆ ತಾಗಿತು, ಅದನ್ನು ಕಾಣದ ಹಾಗೆ ಮುಖ ತಿರುಗಿಸಿ ಪಾಸು ಮಾಡಿದಳು.

ಹೋಟೆಲಿಗೆ ಬಂದಾಗ ಹನ್ನೊಂದೂವರೆ. ಭಾನುವಾರದ ಜನ ಹೊರಗೆ ನಿಂತು ಕಾಯುತ್ತಿದ್ದರು. ಗಲ್ಲಾದಲ್ಲಿ ಕೂತ ಹೆಂಡತಿ ಒಂದು ಕೈಯಲ್ಲಿ ಫೋನ್ ಹಿಡಿದು ಪಾರ್ಸಲ್ ಬರೆದುಕೊಳ್ಳುತ್ತ, ಕಣ್ಣಿನಲ್ಲೇ ಸಪ್ಲೈಯರ್‌ಗಳನ್ನು ಓಡಾಡಿಸುತ್ತಿದ್ದಳು. ಹೋಟೆಲು ನನ್ನ ಕಾಲದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಡೆದದ್ದು ನಾನು ಕಂಡಿಲ್ಲ. ನಾವು ನಡೆದದ್ದನ್ನು ಹೇಳಿದೆವು. ಅವಳು ಫೋನ್ ಕೆಳಗಿಟ್ಟು, ಎದ್ದು ಬಂದು ಮಗಳ ಕೈಕಾಲು ಮುಟ್ಟಿ ನೋಡಿದಳು. ಕಣ್ಣು ತುಂಬಿತ್ತು. ಆಮೇಲೆ ಕ್ಯಾಬೇಜುಗಳನ್ನು ಅಡುಗೆಮನೆಗೆ ಕಳಿಸಿ, ಅಂಬಡೆ ಎನ್ನುವ ನಮ್ಮ ಕಡೆಯ ವಡೆ ಮಾಡಲು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಈಗ ಭಾನುವಾರದ ಗಲ್ಲಾ ಹೆಂಡತಿಯದ್ದೇ. ಬಿಟ್ಟುಕೊಡಿ ಎಂದು ಅವಳು ಕೇಳಲಿಲ್ಲ, ಆರು ವಾರದ ನಂತರವೂ ಏಳಲಿಲ್ಲ ಅಷ್ಟೇ. ಸೀರೆ ಬಿಟ್ಟು ಚೂಡಿದಾರಿನಲ್ಲಿ ಬರುತ್ತಾಳೆ, ಓಡಾಡಲು ಸುಲಭ ಅಂತೆ. ಮಗಳು ಭಾನುವಾರ ಗೆಳತಿಯರ ಜೊತೆ ಹೋಗುತ್ತಾಳೆ, ತಲುಪಿದ ಕೂಡಲೇ ಫೋನ್ ಮಾಡುತ್ತಾಳೆ. ಅವಳು ಹೋದಾಗ ನನಗೆ ಭಯ ಇಲ್ಲವೇ ಎಂದರೆ ಇದೆ. ಮೊದಲಿನ ಭಯಕ್ಕೆ ಕಣ್ಣಿರಲಿಲ್ಲ. ಈಗಿನದಕ್ಕೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದು ಗೊತ್ತು.

ಮಂಗಳವಾರ ಗಾಡಿ ನನ್ನದು. ಅವಳು ಟ್ರೇನಿನಲ್ಲಿ ಆಫೀಸಿಗೆ ಹೋದ ಮೇಲೆ ಜಾಕೆಟ್ ತೊಟ್ಟು ಹೊರಡುತ್ತೇನೆ. ಹೆಚ್ಚು ದೂರವಿಲ್ಲ, ಐರೋಲಿಯವರೆಗೆ, ಒಮ್ಮೊಮ್ಮೆ ಮುಲುಂಡಿಗೆ ಹೋಗುವ, ಉಪ್ಪುನೀರಿನ ಖಾರಿಯ ಮೇಲಿನ ಸೇತುವೆಯ ಆಚೆಗೆ. ಅರವತ್ತು ದಾಟಿಸುವುದಿಲ್ಲ. ಕಾಲೇಜಿನ ಹುಡುಗರು ಪಕ್ಕದಲ್ಲಿ ಹಾದುಹೋಗುವಾಗ ಒಂದು ಸಲ ತಿರುಗಿ, ಈ ಗಾಡಿಯಲ್ಲಿ ಇಷ್ಟು ನಿಧಾನ ಹೋಗುವವನು ಯಾರು ಎಂದು ನೋಡುತ್ತಾರೆ. ಕಳೆದ ಮಂಗಳವಾರ ಸೇತುವೆಯ ಮೇಲೆ ಗಾಳಿ ಚೆನ್ನಾಗಿತ್ತು. ಖಾರಿಯ ಕೆಸರಿನ ಆಚೆ ಗುಲಾಬಿ ಬಣ್ಣದ ಹಕ್ಕಿಗಳ ಒಂದು ಗುಂಪು ಕೂತಿದ್ದಂತೆ ಕಂಡಿತು. ಚೆನ್ನಾಗಿ ನೋಡಬೇಕೆನಿಸಿತು, ಆದರೆ ಓಡಿಸುತ್ತಿದ್ದೆ. ಕಣ್ಣು ರಸ್ತೆಯ ಮೇಲೇ ಇಟ್ಟುಕೊಂಡು ಸೇತುವೆ ದಾಟಿದೆ.